04/03 ಅಂದರೆ ಮಾರ್ಚೋ ಏಪ್ರಿಲ್ಲೋ? ಫೈಲ್ ಕಳಿಸುವ ಮುಂಚೆ ದಿನಾಂಕ, ಸಮಯ ಸರಿ ಮಾಡಿಕೊಳ್ಳುವ ಕ್ರಮ

"ನಾನು ದಿನಾಂಕ ಸರಿಯಾಗೇ ಹಾಕಿದ್ದೆ, ಅವರು ತೆರೆದಾಗ ಅದಲುಬದಲಾಗಿದೆ. ಏನು ಮಾಡಲಿ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಅಮೆರಿಕದ ಕ್ಲೈಂಟ್‌ಗೆ ಇನ್‌ವಾಯ್ಸ್ ಪಟ್ಟಿ ಕಳಿಸುವವರು, ಕಾಲೇಜಿನ ಅಡ್ಮಿಷನ್ ಪಟ್ಟಿ ಮಾಡುವವರು, ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ನೋಡುವವರು, ಹೊರದೇಶದ ಕನ್ನಡ ಕೂಟಕ್ಕೆ ಸದಸ್ಯರ ಪಟ್ಟಿ ಜೋಡಿಸುವವರು, ಎಲ್ಲರದ್ದೂ ಇದೇ ಗೋಳು. ಪ್ರತಿಸಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಕಾರಣ ನಿಮಗೆ ಗೊತ್ತಿರಬಹುದು. ನಾವು ದಿನ/ತಿಂಗಳು/ವರ್ಷ ಬರೆಯುತ್ತೇವೆ, ಅಮೆರಿಕದವರು ತಿಂಗಳು/ದಿನ/ವರ್ಷ ಬರೆಯುತ್ತಾರೆ. 04/03/2025 ನಮಗೆ ಮಾರ್ಚ್ 4, ಅವರಿಗೆ ಏಪ್ರಿಲ್ 3. ಎಲ್ಲಾ ದಿನಾಂಕಗಳೂ ಕೆಟ್ಟಿದ್ದರೆ ಯಾರಾದರೂ ತಕ್ಷಣ ಹಿಡಿಯುತ್ತಿದ್ದರು. ಆದರೆ ಹಾಗಾಗುವುದಿಲ್ಲ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗೆ 25/03/2025 ಸಿಕ್ಕಿದರೆ, 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಎಂದು ಬಿಟ್ಟುಬಿಡುತ್ತದೆ. 12ರ ಒಳಗಿನ ದಿನಗಳನ್ನು ಮಾತ್ರ ಸದ್ದಿಲ್ಲದೆ ತಿರುಗಿಸಿಬಿಡುತ್ತದೆ. ಲೆಕ್ಕ ಹಾಕಿ ನೋಡಿ: 12 ತಿಂಗಳು, ಪ್ರತಿ ತಿಂಗಳಲ್ಲಿ ಮೊದಲ 12 ದಿನ, ಒಟ್ಟು 144. ಇದರಲ್ಲಿ 1/1, 2/2 ಥರದ 12 ದಿನ ಹೇಗೆ ಓದಿದರೂ ಒಂದೇ. ಉಳಿದ 132 ದಿನ ತಪ್ಪು. ವರ್ಷದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಆಯಿತು. ತಪ್ಪಾದ ಮೇಲೂ ಅವು ಚೆನ್ನಾಗಿರುವ ದಿನಾಂಕಗಳ ಹಾಗೇ ಕಾಣುತ್ತವೆ.

ಇದಕ್ಕೆ ಜಗತ್ತು ಒಪ್ಪಿಕೊಂಡಿರುವ ಒಂದು ಬರೆಯುವ ಕ್ರಮ ಇದೆ. ಹೆಸರು ಐಎಸ್‌ಒ 8601. ಮೊದಲು ಬಂದದ್ದು 1988ರಲ್ಲಿ, 2019ರಲ್ಲಿ ಎರಡು ಭಾಗಗಳಾಗಿ ಪರಿಷ್ಕಾರವಾಯಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಇದನ್ನೇ ಐಎಸ್ 7900 ಎಂಬ ಸಂಖ್ಯೆಯಲ್ಲಿ ತಂದಿದೆ. ಇಂಟರ್ನೆಟ್ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡ ಇನ್ನೊಂದು ಚಿಕ್ಕ ನಿಯಮ 2002ರಲ್ಲಿ ಬಂತು, ಅದು ಆರ್‌ಎಫ್‌ಸಿ 3339. ಇವನ್ನೆಲ್ಲ ಕೂತು ಓದುವ ಅಗತ್ಯ ಇಲ್ಲ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಅಂದರೆ 2025-03-04. ದೊಡ್ಡದರಿಂದ ಚಿಕ್ಕದಕ್ಕೆ. ಗಂಟೆ, ನಿಮಿಷ, ಸೆಕೆಂಡುಗಳನ್ನು ನಾವು ಹೇಗೂ ಹಾಗೇ ಬರೆಯುತ್ತೇವೆ.

ಏನೇನು ಬೇಕು

ಎಕ್ಸೆಲ್, ಲಿಬ್ರೆ ಆಫೀಸ್ ಅಥವಾ ಗೂಗಲ್ ಶೀಟ್ಸ್, ಯಾವುದಾದರೂ ಒಂದು. ಜೊತೆಗೆ ನೋಟ್‌ಪ್ಯಾಡ್ ಥರದ ಸಾದಾ ಅಕ್ಷರ ತೋರಿಸುವ ತಂತ್ರಾಂಶ. ಇದು ತುಂಬಾ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ಮೂಲ ಫೈಲ್‌ನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ಸಿಎಸ್‌ವಿ ಎಂಬ ಪದ ಪದೇ ಪದೇ ಬರುತ್ತದೆ. ಅಂದರೆ ಒಂದೊಂದು ಕಾಲಂನ ಮಾಹಿತಿಯನ್ನು ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸಾದಾ ಅಕ್ಷರದ ಫೈಲ್. ಅದರಲ್ಲಿ ಬಣ್ಣ ಇಲ್ಲ, ಫಾರ್ಮ್ಯಾಟ್ ಇಲ್ಲ, ಇದು ದಿನಾಂಕ ಎಂದು ಹೇಳುವ ಗುರುತೂ ಇಲ್ಲ.

ಹಂತ 1: ಯಾವ ಯಾವ ಬಗೆಯ ದಿನಾಂಕ ಇದೆ ಎಂದು ನೋಡಿಕೊಳ್ಳಿ

ಎಲ್ಲಾ ದಿನಾಂಕಗಳಿಗೂ ಒಂದೇ ಮದ್ದು ನಡೆಯುವುದಿಲ್ಲ. ಹುಟ್ಟಿದ ದಿನ, ಬಿಲ್ಲಿನ ದಿನ, ರಜೆಯ ದಿನ, ಇವು ಬರೀ ದಿನಾಂಕಗಳು. ಇವಕ್ಕೆ ಗಂಟೆಯ ಗೊಡವೆ ಬೇಡ. ದುಡ್ಡು ಜಮಾ ಆದ ಹೊತ್ತು, ಅರ್ಜಿ ಬಂದ ಹೊತ್ತು, ಇವು ನಡೆದುಹೋದ ಕ್ಷಣಗಳು. ಇವಕ್ಕೆ ಸಮಯವೂ ಬೇಕು, ಅದು ಯಾವ ಊರಿನ ಸಮಯ ಎಂಬುದೂ ಬೇಕು. ಮೂರನೆಯದು ಮುಂದೆ ನಡೆಯಬೇಕಾದ ಮೀಟಿಂಗ್, ಕ್ಲಾಸ್, ಕಾರ್ಯಕ್ರಮ. ಇದರ ತೊಡಕೇ ಬೇರೆ, ಹಂತ 6ರಲ್ಲಿ ಬರುತ್ತದೆ. ನಾಲ್ಕನೆಯದು ದಿನಾಂಕವೇ ಅಲ್ಲದ, ಆದರೆ ದಿನಾಂಕದ ವೇಷದಲ್ಲಿರುವ ಅಂಕಿಗಳು. ನಮ್ಮ ಕಡೆ ಇವೇ ಜಾಸ್ತಿ ಕಾಟ ಕೊಡುವುದು.

ಪ್ರತಿ ಕಾಲಂನ ಹೆಸರಿನ ಮುಂದೆ ಅದು ಇವುಗಳಲ್ಲಿ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಹಂತ 2: ದಿನಾಂಕವನ್ನು ವರ್ಷ-ತಿಂಗಳು-ದಿನಕ್ಕೆ ತನ್ನಿ

ವರ್ಷಕ್ಕೆ ನಾಲ್ಕು ಅಂಕಿ, ತಿಂಗಳಿಗೆ ಎರಡು, ದಿನಕ್ಕೆ ಎರಡು. ನಡುವೆ ಚಿಕ್ಕ ಅಡ್ಡಗೆರೆ. 2025-3-4 ಅಲ್ಲ, 2025-03-04. ಆ ಸೊನ್ನೆ ಸುಮ್ನೆ ಅಂದಕ್ಕೆ ಇಟ್ಟದ್ದಲ್ಲ. ಅದಿದ್ದರೆ ಕಂಪ್ಯೂಟರ್ ಇದನ್ನು ಬರೀ ಅಕ್ಷರ ಎಂದುಕೊಂಡು ಅಕಾರಾದಿಯಾಗಿ ಜೋಡಿಸಿದರೂ ದಿನಗಳು ಸರಿಯಾದ ಕ್ರಮದಲ್ಲೇ ಬರುತ್ತವೆ.

ಎಡವುವ ಜಾಗಗಳು:

ಎರಡಂಕಿಯ ವರ್ಷ ಬೇಡವೇ ಬೇಡ. ಹುಟ್ಟಿದ ವರ್ಷ 45 ಎಂದು ಬರೆದರೆ, ಎಕ್ಸೆಲ್ ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು 1945 ಎನ್ನಬಹುದು, 2045 ಎಂದೂ ಎನ್ನಬಹುದು. ಪೈಥಾನ್ ಭಾಷೆಯ ಪ್ರೋಗ್ರಾಂ 2045 ಎನ್ನುತ್ತದೆ, 68ರವರೆಗಿನ ಅಂಕಿಗಳನ್ನೆಲ್ಲ ಅದು 2000ದ ಈಚೆಗೆ ಹಾಕುತ್ತದೆ. ಮನೆಯ ಅಜ್ಜಿ ಇನ್ನೂ ಹುಟ್ಟೇ ಇಲ್ಲ ಎಂದಾಗುತ್ತದೆ.

ಕನ್ನಡ ಅಂಕಿಗಳು. ೨೦೨೫-೦೩-೦೪ ಎಂದು ಬರೆದರೆ ಓದಲು ಚೆಂದ, ಮುದ್ರಿಸುವುದಕ್ಕೆ ಸರಿ. ಆದರೆ ಇನ್ನೊಂದು ತಂತ್ರಾಂಶ ಓದಬೇಕಾದ ಫೈಲ್‌ನಲ್ಲಿ 0ಯಿಂದ 9ರವರೆಗಿನ ಅಂಕಿಗಳನ್ನೇ ಬಳಸಿ. ಬಹಳಷ್ಟು ತಂತ್ರಾಂಶಗಳು ಕನ್ನಡ ಅಂಕಿಯನ್ನು ಅಕ್ಷರವೆಂದೇ ನೋಡುತ್ತವೆ.

ಉದ್ದದ ಗೆರೆ. ವರ್ಡ್‌ನಿಂದ ಕಾಪಿ ಮಾಡಿದಾಗ ಕೆಲವೊಮ್ಮೆ ಚಿಕ್ಕ ಅಡ್ಡಗೆರೆಯ ಜಾಗದಲ್ಲಿ ಉದ್ದದ ಗೆರೆ ಬಂದಿರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಕಂಪ್ಯೂಟರ್‌ಗೆ ಅದು ಬೇರೆಯೇ ಅಕ್ಷರ. ಕೀಬೋರ್ಡ್‌ನಲ್ಲಿ ಸೊನ್ನೆಯ ಪಕ್ಕದ ಗೆರೆ ಒತ್ತಿ ಹುಡುಕಿ-ಬದಲಿಸಿ ಮಾಡಿಬಿಡಿ.

ಅರ್ಧ ಗೊತ್ತಿರುವ ದಿನಾಂಕ. ಹಳೆಯ ತಲೆಮಾರಿನ ಎಷ್ಟೋ ಜನರ ಹುಟ್ಟಿದ ವರ್ಷ ಮಾತ್ರ ದಾಖಲೆಯಲ್ಲಿರುತ್ತದೆ. ಆಗ 1952 ಎಂದಷ್ಟೇ ಬರೆಯಿರಿ. ತಿಂಗಳೂ ಗೊತ್ತಿದ್ದರೆ 1952-08. ಈ ಎರಡನ್ನೂ ಐಎಸ್‌ಒ ಒಪ್ಪುತ್ತದೆ. ಖಾಲಿ ಜಾಗ ತುಂಬಬೇಕಲ್ಲ ಎಂದು 1952-01-01 ಹಾಕಿದರೆ ಅದು ನೀವು ಕಟ್ಟಿದ ಸುಳ್ಳು. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಕೊಂಡವರು ನಮ್ಮಲ್ಲಿ ಸಾಲುಗಟ್ಟಿ ಇದ್ದಾರೆ, ಆ ಪಟ್ಟಿಗೆ ಕಂಪ್ಯೂಟರಿನಿಂದಲೂ ಜನ ಸೇರುವುದು ಬೇಡ ಅಲ್ವಾ? ಏನೂ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಸೊನ್ನೆ ಹಾಕಬೇಡಿ, ಎಕ್ಸೆಲ್ ಅದನ್ನು 1900ರ ಜನವರಿಯ ಸೊನ್ನೆಯನೇ ದಿನ ಎಂದು ತೋರಿಸುತ್ತದೆ.

ಎಕ್ಸೆಲ್‌ನಲ್ಲಿ ಇದನ್ನು ಮಾಡುವುದು ಹೀಗೆ. ಮೊದಲು ಕಾಲಂ ಅಗಲ ಮಾಡಿ, ಅಕ್ಷರಗಳು ಯಾವ ಕಡೆ ಅಂಟಿಕೊಂಡಿವೆ ನೋಡಿ. ನೀವಾಗಿ ಎಡಬಲ ಮಾಡದೇ ಇದ್ದರೆ, ನಿಜವಾದ ದಿನಾಂಕ ಬಲಕ್ಕೆ, ಬರೀ ಅಕ್ಷರ ಎಡಕ್ಕೆ ನಿಲ್ಲುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ನಿಲ್ಲಿಸಿ. ನಿಮ್ಮ ಫೈಲ್ ಆಗಲೇ ಕೆಟ್ಟಿದೆ, ನೇರ ಹಂತ 9ಕ್ಕೆ ಹೋಗಿ. ಎಲ್ಲವೂ ಬಲಕ್ಕಿದ್ದರೆ ಕಾಲಂ ಆರಿಸಿ, ಕಂಟ್ರೋಲ್ ಮತ್ತು 1 ಒಟ್ಟಿಗೆ ಒತ್ತಿ, 'ಕಸ್ಟಮ್' ಆರಿಸಿ. ಟೈಪ್ ಎಂಬ ಜಾಗದಲ್ಲಿ ಇಂಗ್ಲಿಷಿನ ವೈ ನಾಲ್ಕು ಸಲ, ಅಡ್ಡಗೆರೆ, ಎಂ ಎರಡು ಸಲ, ಅಡ್ಡಗೆರೆ, ಡಿ ಎರಡು ಸಲ ಬರೆದು ಓಕೆ ಕೊಡಿ. ಗೂಗಲ್ ಶೀಟ್ಸ್‌ನಲ್ಲಿ 'ಫಾರ್ಮ್ಯಾಟ್' ಮೆನು, ಅದರೊಳಗೆ 'ನಂಬರ್', ಅದರೊಳಗೆ ಕಸ್ಟಮ್ ದಿನಾಂಕ. ಅಲ್ಲಿ ಇನ್ನೊಂದನ್ನೂ ನೋಡಿ: 'ಫೈಲ್' ಮೆನುವಿನ 'ಸೆಟ್ಟಿಂಗ್ಸ್'ನಲ್ಲಿ ಲೊಕೇಲ್, ಅಂದರೆ ಯಾವ ದೇಶದ ರೂಢಿ, ಎಂಬುದು ಅಮೆರಿಕ ಎಂದಿದ್ದರೆ ಭಾರತ ಮಾಡಿ. ಮಾಡಬೇಕಾದ್ದು ದಿನಾಂಕ ತುಂಬುವ ಮುಂಚೆ, ತುಂಬಿದ ಮೇಲಲ್ಲ.

ಸರ್ಕಾರಿ ಪೋರ್ಟಲ್‌ಗೋ ಬ್ಯಾಂಕಿಗೋ ಅಪ್‌ಲೋಡ್ ಮಾಡುವ ಫೈಲ್ ಆದರೆ, ಅವರ ಮಾದರಿ ಫೈಲ್‌ನಲ್ಲಿ ಯಾವ ಕ್ರಮ ಕೊಟ್ಟಿದ್ದಾರೋ ಅದೇ ನಡೆಯುತ್ತದೆ. ಅಲ್ಲಿ ಹೋಗಿ ಐಎಸ್‌ಒ ವಾದ ಮಾಡಿ ಪ್ರಯೋಜನ ಇಲ್ಲ. ನಿಮ್ಮ ಮೂಲ ಫೈಲ್ ವರ್ಷ-ತಿಂಗಳು-ದಿನದಲ್ಲೇ ಇರಲಿ, ಅವರಿಗೆ ಬೇಕಾದ ರೂಪದ ಪ್ರತಿ ಬೇರೆ ಮಾಡಿ.

ಹಂತ 3: ಸಿಎಸ್‌ವಿ ಮಾಡಿ, ಆಮೇಲೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ

ಎಕ್ಸೆಲ್ ಒಳಗೆ ದಿನಾಂಕ ಎಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1ನ್ನು 1 ಎಂದು ಹಿಡಿದು ಎಣಿಸುತ್ತಾ ಹೋಗುತ್ತದೆ. 2025-03-04 ಅದಕ್ಕೆ 45720. ತೆರೆಯ ಮೇಲೆ ಕಾಣುವುದೆಲ್ಲ ಆ ಸಂಖ್ಯೆಗೆ ಹಾಕಿದ ವೇಷ. 1900 ಅಧಿಕ ವರ್ಷ ಅಲ್ಲ, ಆದರೆ ಎಕ್ಸೆಲ್ ಪ್ರಕಾರ ಹೌದು. ಹಿಂದಿನ ಲೋಟಸ್ 1-2-3 ತಂತ್ರಾಂಶದ ಫೈಲ್‌ಗಳಿಗೆ ಹೊಂದಬೇಕೆಂದು ಅದರ ತಪ್ಪನ್ನೂ ಹಾಗೇ ಉಳಿಸಿಕೊಂಡರು. 1900ಕ್ಕಿಂತ ಹಿಂದಿನ ದಿನಾಂಕ ಎಕ್ಸೆಲ್‌ಗೆ ಗೊತ್ತೇ ಇಲ್ಲ. 'ಮಂಗಳೂರ ಸಮಾಚಾರ' ಶುರುವಾದ 1843-07-01 ಎಂದು ಹಾಕಿದರೆ ಅದು ಅಕ್ಷರವಾಗಿ ಉಳಿಯುತ್ತದೆ. ಹಳೆಯ ದಾಖಲೆಗಳ ಪಟ್ಟಿ ಮಾಡುವವರು ಹೆದರಬೇಡಿ, ಇಡೀ ಕಾಲಂ ಅಕ್ಷರವಾಗಿದ್ದರೂ ವರ್ಷ ಮೊದಲು ಇರುವುದರಿಂದ ಕ್ರಮ ಕೆಡುವುದಿಲ್ಲ.

ಈಗ ಮುಖ್ಯ ವಿಷಯ. ಸಿಎಸ್‌ವಿಯಾಗಿ ಸೇವ್ ಮಾಡುವಾಗ ಎಕ್ಸೆಲ್ ಒಳಗಿನ ಸಂಖ್ಯೆಯನ್ನು ಕಳಿಸುವುದಿಲ್ಲ, ಮೇಲೆ ಹಾಕಿದ ವೇಷವನ್ನು ಕಳಿಸುತ್ತದೆ. ತೆರೆಯ ಮೇಲೆ '04-ಮಾರ್ಚ್' ಎಂದಷ್ಟೇ ಇದ್ದರೆ ಫೈಲ್‌ಗೂ ಅಷ್ಟೇ ಹೋಗುತ್ತದೆ, ವರ್ಷ ಹೋದಂತೆಯೇ. ಅದಕ್ಕೇ ಸೇವ್ ಮಾಡುವ ಮುಂಚೆ ಹಂತ 2ರ ಫಾರ್ಮ್ಯಾಟ್ ಕೊಡಲೇಬೇಕು. ಸೇವ್ ಮಾಡುವಾಗ ಪಟ್ಟಿಯಲ್ಲಿ 'ಸಿಎಸ್‌ವಿ ಯುಟಿಎಫ್-8' ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಸರಿ, ಸೇವ್ ಆಯಿತು. ಎಲ್ಲರೂ ಏನು ಮಾಡುತ್ತಾರೆ? ಸರಿ ಬಂತಾ ನೋಡೋಣ ಎಂದು ಅದೇ ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ. ಎಕ್ಸೆಲ್ ತೆರೆದುಕೊಳ್ಳುತ್ತದೆ, ಅಲ್ಲಿ ಮತ್ತೆ 04-03-2025 ಎಂದೇ ಕಾಣುತ್ತದೆ. "ಅಯ್ಯೋ, ಫಾರ್ಮ್ಯಾಟ್ ಹೋಯಿತು" ಎಂದು ಗಾಬರಿಯಾಗಿ ಮತ್ತೆ ಸೇವ್ ಒತ್ತುತ್ತಾರೆ. ಫೈಲ್ ನಿಜವಾಗಿ ಕೆಡುವುದು ಆ ಕ್ಷಣದಲ್ಲಿ. ಅಲ್ಲಿಯವರೆಗೆ ಫೈಲ್‌ನೊಳಗೆ 2025-03-04 ಸರಿಯಾಗೇ ಇತ್ತು, ಎಕ್ಸೆಲ್ ಅದನ್ನು ದಿನಾಂಕ ಎಂದು ಗುರುತಿಸಿ ನಿಮ್ಮ ಕಂಪ್ಯೂಟರಿನ ರೂಢಿಯಲ್ಲಿ ತೋರಿಸುತ್ತಿತ್ತು ಅಷ್ಟೇ. ಆದ್ದರಿಂದ ಸಿಎಸ್‌ವಿ ಪರೀಕ್ಷೆ ಮಾಡುವುದು ನೋಟ್‌ಪ್ಯಾಡ್‌ನಲ್ಲಿ ಮಾತ್ರ. ನನ್ನನ್ನು ಕೇಳಿದರೆ, ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದಿನವೂ ಇದೇ ಕೆಲಸ ಇರುವವರಿಗೆ ಒಂದು ಉಪಾಯ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಲ್ಯಾಂಗ್ವೇಜ್ ಆ್ಯಂಡ್ ರೀಜನ್'ಗೆ ಹೋಗಿ, ಚಿಕ್ಕ ದಿನಾಂಕದ ರೂಪವನ್ನು ವರ್ಷ-ತಿಂಗಳು-ದಿನ ಮಾಡಿಬಿಡಿ. ಆಮೇಲೆ ಎಕ್ಸೆಲ್ ತಾನಾಗಿ ಹಾಗೇ ತೋರಿಸುತ್ತದೆ, ಹಾಗೇ ಸೇವ್ ಮಾಡುತ್ತದೆ. ಆದರೆ ಇದು ನಿಮ್ಮ ಕಂಪ್ಯೂಟರ್‌ಗೆ ಮಾತ್ರ ರಕ್ಷೆ. ಫೈಲ್ ತೆಗೆದುಕೊಳ್ಳುವವರ ಕಂಪ್ಯೂಟರ್ ಬದಲಾಗುವುದಿಲ್ಲ.

ಹಂತ 4: ದಿನಾಂಕ ಅಲ್ಲದ್ದನ್ನು ಕಾಪಾಡಿಕೊಳ್ಳಿ

ಪಹಣಿಯ ಸರ್ವೆ ನಂಬರ್ 10/2 ಎಂದು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಜಮೀನು ಹೋಗಿ ಫೆಬ್ರವರಿ 10 ಬಂದಿರುತ್ತದೆ. ಮನೆ ನಂಬರ್ 3-4, ಕ್ಲಾಸ್ 6-7, ಇವಕ್ಕೂ ಅದೇ ಗತಿ.

ಇದಕ್ಕಿಂತ ಕಿಲಾಡಿ ಇನ್ನೊಂದಿದೆ: ಹಣಕಾಸು ವರ್ಷ. 2012-13 ಎಂದು ಬರೆದರೆ ಎಕ್ಸೆಲ್ ಸುಮ್ಮನಿರುತ್ತದೆ, ಯಾಕೆಂದರೆ 13ನೇ ತಿಂಗಳು ಇಲ್ಲ. 2011-12 ಎಂದು ಬರೆದರೆ 2011ರ ಡಿಸೆಂಬರ್ ಎಂದುಕೊಳ್ಳುತ್ತದೆ. ಅಂದರೆ 2000-01ರಿಂದ 2011-12ರವರೆಗಿನ ವರ್ಷಗಳೆಲ್ಲ ತಿಂಗಳುಗಳಾಗಿ ಬದಲಾಗುತ್ತವೆ, ಅದರ ನಂತರದವು ಹಾಗೇ ಉಳಿಯುತ್ತವೆ. ಹಳೆಯ ಬಜೆಟ್ ಅಂಕಿ-ಅಂಶ, ಮಳೆ ಲೆಕ್ಕ, ಶೈಕ್ಷಣಿಕ ವರ್ಷದ ಪಟ್ಟಿ ಇಟ್ಟುಕೊಂಡವರು ಒಮ್ಮೆ ನೋಡಿ. ಇಲ್ಲಿ ಎಕ್ಸೆಲ್‌ನದ್ದೂ ಪೂರ್ತಿ ತಪ್ಪಲ್ಲ. ಐಎಸ್‌ಒ ಪ್ರಕಾರವೂ 2011-12 ಎಂದರೆ ಡಿಸೆಂಬರ್ ತಿಂಗಳೇ. ಹಣಕಾಸು ವರ್ಷವನ್ನು 2011-2012 ಎಂದು ಪೂರ್ತಿ ಬರೆಯಿರಿ, ಅಥವಾ ಶುರು ಮತ್ತು ಕೊನೆ ಎಂದು ಎರಡು ಕಾಲಂ ಮಾಡಿ: 2011-04-01, 2012-03-31. ಎರಡನೆಯದೇ ನನಗೆ ಇಷ್ಟ.

ಇಂಥ ಕಾಲಂಗಳನ್ನು ಟೈಪ್ ಮಾಡುವ ಮುಂಚೆಯೇ 'ಟೆಕ್ಸ್ಟ್' ಫಾರ್ಮ್ಯಾಟ್‌ಗೆ ಹಾಕಿ. ಒಮ್ಮೆ ಬದಲಾದ ಮೇಲೆ ಟೆಕ್ಸ್ಟ್ ಮಾಡಿದರೆ 45-46 ಸಾವಿರದ ಯಾವುದೋ ಸಂಖ್ಯೆ ಕಾಣಿಸುತ್ತದೆ ಹೊರತು 10/2 ವಾಪಸ್ ಬರುವುದಿಲ್ಲ. ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಉಳಿಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಉಳಿಯುವುದಿಲ್ಲ.

ವಿಜ್ಞಾನಿಗಳೂ ಈ ಕಾಟಕ್ಕೆ ಸೋತಿದ್ದಾರೆ ಎಂದರೆ ಸಮಾಧಾನ ಆಗಬಹುದು. ಮನುಷ್ಯರ ಕೆಲವು ವಂಶವಾಹಿಗಳ ಹೆಸರು 'ಮಾರ್ಚ್1', 'ಸೆಪ್ಟ್1' ಎಂದಿದ್ದವು. ಎಕ್ಸೆಲ್ ಅವನ್ನು ದಿನಾಂಕ ಮಾಡಿ ಮಾಡಿ, ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯವರೇ 'ಮಾರ್ಚ್‌ಎಫ್1', 'ಸೆಪ್ಟಿನ್1' ಎಂದು ಬದಲಿಸಿಬಿಟ್ಟರು. 2023ರಲ್ಲಿ ಮೈಕ್ರೋಸಾಫ್ಟ್ ಈ ಥರದ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು. ಆದರೆ ಅದು ಅಕ್ಷರ, ಅಂಕಿ ಅಂಟಿಕೊಂಡಿರುವ ಇಂಥ ಹೆಸರುಗಳಿಗೆ. ನಮ್ಮ 10/2ಕ್ಕೆ ಅದನ್ನು ನಂಬಿ ಕೂರಬೇಡಿ.

ಹಂತ 5: ಸಮಯವನ್ನು 24 ಗಂಟೆಯಲ್ಲಿ, ಕೋಲನ್ ಹಾಕಿ ಬರೆಯಿರಿ

ಸಂಜೆ ಆರೂವರೆ 18:30. ನಮ್ಮಲ್ಲಿ 6.30 ಎಂದು ಚುಕ್ಕಿ ಹಾಕುವ ರೂಢಿ ಇದೆ. ಆಮಂತ್ರಣ ಪತ್ರಿಕೆಯಲ್ಲಿ ಇರಲಿ, ಫೈಲ್‌ನಲ್ಲಿ ಬೇಡ. ಎಕ್ಸೆಲ್‌ಗೆ ಅದು ಆರು ಪಾಯಿಂಟ್ ಮೂರು, ಕೊನೆಯ ಸೊನ್ನೆಯನ್ನೂ ನುಂಗಿ 6.3 ಮಾಡಿಬಿಡುತ್ತದೆ.

ರಾತ್ರಿ 12ರ ವಿಷಯದಲ್ಲಿ ಎಚ್ಚರ. ನಮ್ಮ ಮಾತಿನಲ್ಲಿ, ಪಂಚಾಂಗದಲ್ಲೂ, ಬೆಳಕು ಹರಿಯುವವರೆಗೆ ಹಿಂದಿನ ದಿನವೇ. "ಸೋಮವಾರ ರಾತ್ರಿ ಒಂದೂವರೆಗೆ ಬಸ್ಸು" ಎಂದರೆ ಕಂಪ್ಯೂಟರ್ ಪ್ರಕಾರ ಅದು ಮಂಗಳವಾರ 01:30. ದಿನ ಬದಲಾಗುವುದು 00:00ಕ್ಕೆ. ನಡುರಾತ್ರಿಯ ಬಸ್ ಟಿಕೆಟ್ ಒಂದು ದಿನ ತಪ್ಪಾಗುವುದು ಹೀಗೇ. 24:00 ಎಂದೂ ಬರೆಯಬೇಡಿ, ಅದನ್ನು ಎಲ್ಲಾ ತಂತ್ರಾಂಶಗಳು ಒಪ್ಪುವುದಿಲ್ಲ.

ದಿನಾಂಕ ಮತ್ತು ಸಮಯ ಒಟ್ಟಿಗೆ ಬಂದರೆ 2025-03-04 18:30:00. ಕಟ್ಟುನಿಟ್ಟಾದ ಐಎಸ್‌ಒ ರೂಪದಲ್ಲಿ ನಡುವಿನ ಖಾಲಿ ಜಾಗದ ಬದಲು ಇಂಗ್ಲಿಷಿನ ದೊಡ್ಡ ಟಿ ಅಕ್ಷರ ಇರಬೇಕು. ಜನ ಓದುವ ಪಟ್ಟಿಗೆ ಖಾಲಿ ಜಾಗ ಸಾಕು, ತಂತ್ರಾಂಶಕ್ಕೆ ಕೊಡುವುದಾದರೆ ಟಿ ಹಾಕಿ.

ಹಂತ 6: ಯಾವ ಊರಿನ ಸಮಯ ಎಂದು ಹೇಳಿ

18:30 ಎಲ್ಲಿಯ ಸಮಯ? ಬೆಂಗಳೂರಿನದ್ದೋ ನ್ಯೂಯಾರ್ಕಿನದ್ದೋ? ಉತ್ತರ ಫೈಲ್‌ನಲ್ಲೇ ಇರಬೇಕು. ಯುಟಿಸಿ ಎಂಬುದು ಇಡೀ ಜಗತ್ತಿಗೆ ಅಳತೆಗೋಲಾಗಿರುವ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅದಕ್ಕೇ +05:30. ಪೂರ್ತಿ ಬರೆದರೆ 2025-03-04 18:30:00+05:30. ಅದೇ ಕ್ಷಣ ಯುಟಿಸಿಯಲ್ಲಿ 13:00. ಯುಟಿಸಿ ಸಮಯಕ್ಕೆ ಕೊನೆಯಲ್ಲಿ ಇಂಗ್ಲಿಷಿನ ಝಡ್ ಅಕ್ಷರ ಹಾಕುವುದು ಕ್ರಮ.

ಐಎಸ್‌ಟಿ ಎಂದು ಬರೆದರೆ ಸಾಲದೇ? ಸಾಲದು. ಭಾರತ, ಐರ್ಲೆಂಡ್, ಇಸ್ರೇಲ್ ಮೂರೂ ದೇಶಗಳು ತಮ್ಮ ಸಮಯಕ್ಕೆ ಇದೇ ಮೂರಕ್ಷರ ಬಳಸುತ್ತವೆ.

ಎಕ್ಸೆಲ್‌ನ ಇನ್ನೊಂದು ಕೊರತೆ ಇಲ್ಲಿ ಅಡ್ಡ ಬರುತ್ತದೆ. ಕೊನೆಯಲ್ಲಿ +05:30 ಇದ್ದರೆ ಅದನ್ನು ಸಮಯ ಎಂದು ಗುರುತಿಸದೆ ಅಕ್ಷರವಾಗಿ ಬಿಡುತ್ತದೆ. ಪಡೆಯುವವರು ಎಕ್ಸೆಲ್‌ನಲ್ಲೇ ಲೆಕ್ಕ ಹಾಕುವವರಾದರೆ ಸಮಯದ ಕಾಲಂನಲ್ಲಿ 2025-03-04 18:30:00 ಇಟ್ಟು, +05:30 ಎಂಬುದನ್ನು ಕಾಲಂನ ತಲೆಬರಹದಲ್ಲೋ ಪಕ್ಕದ ಕಾಲಂನಲ್ಲೋ ಹಾಕಿ. ನಿಯಮದ ಪ್ರಕಾರ ಇದು ಅಷ್ಟು ಚೊಕ್ಕ ಅಲ್ಲ, ಆದರೆ ಕೆಲಸ ನಡೆಯುತ್ತದೆ.

ಬರೀ ದಿನಾಂಕಕ್ಕೆ ಸಮಯ ಅಂಟಿಸಬೇಡಿ. ಇದು ದೊಡ್ಡ ಗುಂಡಿ. ಹುಟ್ಟಿದ ದಿನ 1990-08-15 ಎಂಬುದನ್ನು ಯಾವುದೋ ತಂತ್ರಾಂಶ 1990-08-15 00:00 ಭಾರತದ ಸಮಯ ಎಂದುಕೊಂಡು ಯುಟಿಸಿಗೆ ಬದಲಿಸಿದರೆ 1990-08-14 18:30 ಆಗುತ್ತದೆ. ಗಂಟೆ ಕತ್ತರಿಸಿದರೆ ಉಳಿಯುವುದು ಆಗಸ್ಟ್ 14. ಪಟ್ಟಿಯಲ್ಲಿ ಎಲ್ಲರ ದಿನಾಂಕವೂ ಒಂದು ದಿನ ಹಿಂದೆ ಹೋಗಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಅಮೆರಿಕದಲ್ಲಿ ಉಲ್ಟಾ: ವೆಬ್ ಪುಟಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆ ಬರೀ ದಿನಾಂಕವನ್ನು ಯುಟಿಸಿ ನಡುರಾತ್ರಿ ಎಂದು ಓದುತ್ತದೆ, ಅಲ್ಲಿಯ ಸಮಯದಲ್ಲಿ ತೋರಿಸುವಾಗ ಹಿಂದಿನ ದಿನ ಕಾಣುತ್ತದೆ.

ಮುಂದೆ ನಡೆಯುವ ಕಾರ್ಯಕ್ರಮಕ್ಕೆ +05:30 ಥರದ ಅಂಕಿ ಮಾತ್ರ ಸಾಲದು. ನಮ್ಮಲ್ಲಿ ವರ್ಷವಿಡೀ ಒಂದೇ ಸಮಯ, ಆದ್ದರಿಂದ ಇದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. 2025ರ ಮಾರ್ಚ್ 4ರಂದು ನಮ್ಮ 18:30 ನ್ಯೂಯಾರ್ಕಿನಲ್ಲಿ ಬೆಳಗಿನ 08:00. ಮುಂದಿನ ವಾರ, ಮಾರ್ಚ್ 11ರಂದು, ಅದೇ 18:30 ಅಲ್ಲಿ 09:00. ವಾರವಾರ ನಡೆಯುವ ಆನ್‌ಲೈನ್ ಕನ್ನಡ ಕ್ಲಾಸಿನ ಪಟ್ಟಿ ಮಾಡುವಾಗ ಯಾರ ಗಡಿಯಾರ ಮುಖ್ಯ ಎಂದು ಮೊದಲು ನಿರ್ಧರಿಸಿ. ಆ ಊರಿನ ಸಮಯ ಬರೆದು, ಪಕ್ಕದಲ್ಲಿ ಸಮಯವಲಯದ ಹೆಸರು ಹಾಕಿ: 'ಏಷ್ಯಾ/ಕೋಲ್ಕತಾ' ಅಥವಾ 'ಅಮೆರಿಕ/ನ್ಯೂಯಾರ್ಕ್'. ಕಂಪ್ಯೂಟರ್‌ಗಳು ಬಳಸುವ ಸಮಯವಲಯಗಳ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿರುವ ಹೆಸರುಗಳು ಇವು. ಬೆಂಗಳೂರು ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ, ಇಡೀ ಭಾರತಕ್ಕೆ ಕೋಲ್ಕತಾ ಒಂದೇ.

ಪ್ರೋಗ್ರಾಂ ಬರೆಯುವವರಿಗೆ ಎರಡು ಮಾತು. ಒಂದು, ಯುನಿಕ್ಸ್ ಸಮಯ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ನಮ್ಮ ಉದಾಹರಣೆಯ ಕ್ಷಣ 1741093200. ಹತ್ತು ಅಂಕಿ ಇದ್ದರೆ ಸೆಕೆಂಡ್, ಹದಿಮೂರಿದ್ದರೆ ಮಿಲಿಸೆಕೆಂಡ್. ಸೆಕೆಂಡನ್ನು ಮಿಲಿಸೆಕೆಂಡ್ ಎಂದು ಓದಿದರೆ ಎಲ್ಲವೂ 1970ರ ಜನವರಿಗೆ ಹೋಗಿ ಬೀಳುತ್ತದೆ. ಎರಡು, ಜಾವಾದಲ್ಲಿ ವರ್ಷಕ್ಕೆ ಚಿಕ್ಕ ವೈ ಬಳಸಿ. ದೊಡ್ಡ ವೈ ಬರೆದರೆ ಅದು ವಾರದ ಲೆಕ್ಕದ ವರ್ಷ, 2024-12-30ನ್ನು 2025-12-30 ಎಂದು ತೋರಿಸುತ್ತದೆ. ಪರೀಕ್ಷೆ ಮಾಡುವಾಗ ಸಿಕ್ಕಿಬೀಳದೆ ವರ್ಷದ ಕೊನೆಯ ವಾರ ಮಾತ್ರ ಕೈಕೊಡುವ ದೋಷ ಇದು. ಎಂ ಅಕ್ಷರಕ್ಕೂ ಎಚ್ಚರ: ದೊಡ್ಡದು ತಿಂಗಳು, ಚಿಕ್ಕದು ನಿಮಿಷ.

ಹಂತ 7: ಫೈಲ್ ಹೆಸರಿಗೂ ಅದೇ ಕ್ರಮ

ಹೆಸರಿನ ಶುರುವಿನಲ್ಲಿ ದಿನಾಂಕ ಇರಲಿ: '2025-03-04 ಸಂಘದ ಲೆಕ್ಕ'. ಫೋಲ್ಡರ್ ತಾನಾಗಿ ಜೋಡಣೆಯಾಗುತ್ತದೆ. ವಿಂಡೋಸ್‌ನಲ್ಲಿ ಹೆಸರಿನೊಳಗೆ ಓರೆಗೆರೆ, ಕೋಲನ್ ನಡೆಯುವುದಿಲ್ಲ, ಸಮಯ ಬೇಕಿದ್ದರೆ 1830 ಎಂದು ಬರೆಯಿರಿ. ಫೈಲ್‌ನ 'ಮಾಡಿಫೈಡ್' ದಿನಾಂಕವನ್ನು ನಂಬಬೇಡಿ, ಇಳಿಸಿಕೊಂಡಾಗ ಅದು ಬದಲಾಗಬಹುದು.

ಹಂತ 8: ಕಳಿಸುವ ಮುಂಚೆ ಪರೀಕ್ಷೆ, ಜೊತೆಗೊಂದು ಟಿಪ್ಪಣಿ

ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಸಾಲು, ನಡುವಿನ ಕೆಲವು ಸಾಲು, ಕೊನೆಯ ಕೆಲವು ಸಾಲು ನೋಡಿ. ಮೊದಲ ಸಾಲುಗಳಷ್ಟನ್ನೇ ನೋಡಿದರೆ ಸಾಲದು, ಬೇರೆ ಬೇರೆ ಜನ ತುಂಬಿದ ಪಟ್ಟಿಯಲ್ಲಿ ಕೆಡುವುದು ನಡುವೆ. ಮೂಲ ಶೀಟ್‌ನಲ್ಲಿ ಅತಿ ಹಿಂದಿನ ಮತ್ತು ಅತಿ ಮುಂದಿನ ದಿನಾಂಕ ತೆಗೆದು ನೋಡಿ. ಮಾರ್ಚ್ ಕೊನೆಗೆ ಮುಗಿಯಬೇಕಾದ ಲೆಕ್ಕದಲ್ಲಿ ಡಿಸೆಂಬರ್ ಕಾಣಿಸಿದರೆ ಏನೋ ತಿರುಗಿದೆ ಎಂದೇ ಅರ್ಥ.

ಇಮೇಲ್‌ನಲ್ಲಿ ಎರಡು ಸಾಲು ಸೇರಿಸಿ: "ದಿನಾಂಕಗಳೆಲ್ಲ ವರ್ಷ-ತಿಂಗಳು-ದಿನ ಕ್ರಮದಲ್ಲಿವೆ. ಸಮಯ ಭಾರತದ್ದು, +05:30. ಮೊದಲ ಸಾಲಿನ ದಿನಾಂಕ ಮಾರ್ಚ್ 4, ನಿಮ್ಮಲ್ಲಿ ಹಾಗೇ ಕಾಣುತ್ತಿದೆಯೇ ನೋಡಿ." ತಿಂಗಳ ಹೆಸರನ್ನು ಅಕ್ಷರದಲ್ಲಿ ಹೇಳಿದರೆ ವಾದಕ್ಕೆ ಜಾಗವಿಲ್ಲ.

ಹಂತ 9: ಬೇರೆಯವರಿಂದ ಬಂದ ಫೈಲ್ ತೆರೆಯುವಾಗ

ಡಬಲ್ ಕ್ಲಿಕ್ ಬೇಡ ಎಂದು ಮತ್ತೆ ಹೇಳುತ್ತೇನೆ. ನೋಟ್‌ಪ್ಯಾಡ್‌ನಲ್ಲಿ ನೋಡಿ, 12ಕ್ಕಿಂತ ದೊಡ್ಡ ಅಂಕಿ ಎಲ್ಲಿ ಬರುತ್ತದೆ ಹುಡುಕಿ. ಮೊದಲ ಜಾಗದಲ್ಲಿ ಬಂದರೆ ದಿನ ಮೊದಲು, ಎರಡನೆಯದರಲ್ಲಿ ಬಂದರೆ ತಿಂಗಳು ಮೊದಲು. ಎರಡೂ ಕಡೆ ಬಂದರೆ ಕಲಬೆರಕೆ. ಅದನ್ನು ನೀವು ಸರಿ ಮಾಡಲು ಕೂರಬೇಡಿ, ಕಳಿಸಿದವರಿಗೇ ವಾಪಸ್ ಮಾಡಿ.

ಕ್ರಮ ಗೊತ್ತಾದ ಮೇಲೆ ಖಾಲಿ ಎಕ್ಸೆಲ್ ಶೀಟ್ ತೆರೆದು, 'ಡೇಟಾ' ಮೆನುವಿನಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಆರಿಸಿ. ಮುಂದೆ ಬರುವ ಕಿಟಕಿಯಲ್ಲಿ ಡೇಟಾ ಬಗೆಯನ್ನು ಪತ್ತೆ ಮಾಡಬೇಡ ಎಂಬ ಆಯ್ಕೆ ಕೊಟ್ಟರೆ ಎಲ್ಲವೂ ಅಕ್ಷರವಾಗಿಯೇ ಒಳಗೆ ಬರುತ್ತದೆ, ಸರ್ವೆ ನಂಬರ್ ಕೂಡ ಬಚಾವ್. ಆಮೇಲೆ ದಿನಾಂಕದ ಕಾಲಂ ಮಾತ್ರ ಆರಿಸಿ, ಅದೇ ಮೆನುವಿನ 'ಟೆಕ್ಸ್ಟ್ ಟು ಕಾಲಮ್ಸ್' ಒತ್ತಿ. ಮೂರನೇ ಪುಟದಲ್ಲಿ 'ಡೇಟ್' ಎಂಬಲ್ಲಿ ಫೈಲ್‌ನಲ್ಲಿರುವ ಕ್ರಮ ಹೇಳಿ: ದಿನ ಮೊದಲಾದರೆ ಡಿಎಂವೈ, ತಿಂಗಳು ಮೊದಲಾದರೆ ಎಂಡಿವೈ. ಇಲ್ಲಿ ಕೇಳುವುದು ಈಗ ಇರುವ ಕ್ರಮ, ನಿಮಗೆ ಬೇಕಾದ ಕ್ರಮ ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಲಿಬ್ರೆ ಆಫೀಸ್ ಈ ವಿಷಯದಲ್ಲಿ ವಾಸಿ, ಸಿಎಸ್‌ವಿ ತೆರೆಯುವಾಗಲೇ ಒಂದು ಕಿಟಕಿ ತೋರಿಸಿ ಕಾಲಂ ಕಾಲಂಗೂ ಬಗೆ ಕೇಳುತ್ತದೆ.

ಎಡ-ಬಲ ಬೆರೆತು ಆಗಲೇ ಕೆಟ್ಟ ಶೀಟ್ ಸಿಕ್ಕಿದರೆ ಅದರ ಮೇಲೆ ಟೆಕ್ಸ್ಟ್ ಟು ಕಾಲಮ್ಸ್ ನಡೆಸಬೇಡಿ. ಎಡಕ್ಕಿರುವವು ಸರಿಯಾಗಬಹುದು, ತಿರುಗಿಹೋದವು ತಿರುಗಿದಂತೆಯೇ ಉಳಿಯುತ್ತವೆ. ಮೂಲ ಸಿಎಸ್‌ವಿ ತರಿಸಿಕೊಂಡು ಮೊದಲಿಂದ ಮಾಡಿ.

ಇನ್ನೆರಡು ಲಕ್ಷಣಗಳು. ದಿನಾಂಕದ ಜಾಗದಲ್ಲಿ 45720 ಥರದ ಸಂಖ್ಯೆ ಇದ್ದರೆ ಅದು ಎಕ್ಸೆಲ್‌ನ ಒಳಗಿನ ಎಣಿಕೆ, ಫಾರ್ಮ್ಯಾಟ್ ಬದಲಿಸಿದರೆ ದಿನಾಂಕ ಕಾಣುತ್ತದೆ. ಎಲ್ಲಾ ದಿನಾಂಕಗಳೂ ಸರಿಯಾಗಿ 4 ವರ್ಷ 1 ದಿನ ಆಚೀಚೆ ಆಗಿದ್ದರೆ, ಫೈಲ್ ಹಳೆಯ ಮ್ಯಾಕ್‌ನಿಂದ ಬಂದಿರಬಹುದು. ಅಲ್ಲಿ ಎಣಿಕೆ 1904ರಿಂದ ಶುರು. 1462 ಕೂಡಿಸಿ ಅಥವಾ ಕಳೆಯಿರಿ, ಗೊತ್ತಿರುವ ಒಂದು ದಿನಾಂಕಕ್ಕೆ ಹೋಲಿಸಿ ನೋಡಿ, ಆಮೇಲೆ ಉಳಿದವಕ್ಕೂ ಮಾಡಿ.